ಕಪಾಟಿಗೆ ಎಣ್ಣೆ ನೀರು

ದೀಪಾವಳಿಗೆ ಮನೆ ಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವುದು ಎಲ್ಲ ಕಡೆಯೂ ಇದೆ. ಅಡುಗೆಮನೆಯ ಕಪಾಟಿಗೆ ಎಣ್ಣೆ ಹಚ್ಚಿ ಎರೆಯುವವರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ನಮ್ಮ ಎದುರು ಮನೆಯ ಕಾಕು. ಈ ಮಳೆಗಾಲದಲ್ಲಿ ತೀರಿಕೊಂಡರು.

ಕಾಕು ಅಂದರೆ ಚಿಕ್ಕಮ್ಮ. ನನಗೆ ಅವರು ಬಳಗವೇನಲ್ಲ. ಪುಣೆಯ ಕಾತ್ರಜದ ನಮ್ಮ ಬಿಲ್ಡಿಂಗಿನಲ್ಲಿ ಮರಾಠಿಯವರೂ ಕನ್ನಡದವರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಎರಡೂ ಭಾಷೆಯಲ್ಲಿ ನಡೆಯುವ ಮಾತು ಅದು. ಅವರ ಸ್ವಂತ ಹೆಸರು ಬಿಲ್ಡಿಂಗಿನ ಅರ್ಧ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅವರಿಗೂ ಅದರ ಅವಶ್ಯಕತೆ ಬಿದ್ದಂತೆ ಕಾಣಲಿಲ್ಲ. ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ.

ಗಿಡ್ಡ ಆಳು. ಹೆಗಲ ಮೇಲೆ ಯಾವಾಗಲೂ ಹಳೆಯ ಧೋತರದ ಒಂದು ತುಂಡು. ಮೂಗಿನ ತುದಿಗೆ ಜಾರಿದ ಚಷ್ಮಾ. ಒಗ್ಗರಣೆಯ ಹನಿ ಸಿಡಿದು ಸಿಡಿದು ಆ ಚಷ್ಮಾದ ಗಾಜು ಮಂಜು ಹಿಡಿದಂತೆ ಇರುತ್ತಿತ್ತು. ಜಿಡ್ಡು ತೆಗೆಯುವುದರಲ್ಲಿ ಅಷ್ಟು ಕೈ ಪಳಗಿದವರು ತಮ್ಮ ಚಷ್ಮಾವನ್ನು ಮಾತ್ರ ಒರೆಸಿಕೊಳ್ಳುತ್ತಿರಲಿಲ್ಲ. ಮಗಳು ಬೈದರೆ, "ಇರ್ಲಿ ಬಿಡವಾ, ಇದರಾಗಿಂದ ನೋಡಿದ್ರ ನೀವೆಲ್ಲಾ ಚಂದ ಕಾಣಸ್ತೀರಿ" ಅನ್ನುತ್ತಿದ್ದರು.

ನಾನು ಮದುವೆಯಾಗಿ ಅಥಣಿ ಕಡೆಯಿಂದ ಇಲ್ಲಿಗೆ ಬಂದ ಹೊಸತು. ಯಜಮಾನರು ಮಾರ್ಕೆಟ್ ಯಾರ್ಡಿನ ಕೆಲಸಕ್ಕೆ ಬೆಳಿಗ್ಗೆಯೇ ಹೋಗುತ್ತಿದ್ದರು. ನನಗೆ ನಾಲ್ಕು ಮಂದಿಯ ನಡುವೆ ಮಾತಾಡಲು ಮೊದಲೇ ಸಂಕೋಚ, ಅದರ ಮೇಲೆ ಮರಾಠಿಯೂ ಬಾರದು. ಕಿಟಕಿಯಲ್ಲಿ ನಿಂತು ಸಾತಾರಾ ದಾರಿಗೆ ಹೋಗುವ ಬಸ್ಸುಗಳನ್ನು ನೋಡುವುದೇ ಕೆಲಸವಾಗಿತ್ತು. ಬಸ್ಸಿನ ಮೇಲೆ ನಮ್ಮ ಕಡೆಯ ಊರಿನ ಹೆಸರು ಕಂಡರೆ ಅದು ಘಾಟಿನ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿದ್ದೆ. ಹೀಗಿರುವಾಗ ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ಎದುರು ಮನೆಯ ಕಾಕು ಬಾಗಿಲು ಬಡಿದು, "ಏ ತಂಗಿ, ಖಾಲಿ ಇದ್ರ ಬಾ. ಎರಿಯೋದದ. ಒಬ್ಬಾಕಿಗೆ ಆಗಂಗಿಲ್ಲ" ಅಂದರು.

ನಮ್ಮ ಕಡೆ ಹಾಗೆ ಕರೆದರೆ ಮನೆಯಲ್ಲಿ ಕೂಸಿದೆ ಅಂತಲೇ ಅರ್ಥ. ಮೊಮ್ಮಗು ಬಂದಿರಬೇಕು ಅಂದುಕೊಂಡು ನಾನು ಸೀರೆ ಎತ್ತಿ ಕಟ್ಟಿ, ಬಳೆ ಹಿಂದಕ್ಕೆ ಸರಿಸಿಕೊಂಡು ಹೋದೆ. ಒಲೆಯ ಮೇಲೆ ಬಿಸಿನೀರು ಇತ್ತು. ಬಟ್ಟಲಲ್ಲಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಇತ್ತು. ತಾಟಿನಲ್ಲಿ ಕಡಲೆ ಹಿಟ್ಟೂ ಇತ್ತು. ಕೂಸು ಮಾತ್ರ ಇರಲಿಲ್ಲ. ಕಾಕು ಸ್ಟೂಲಿನ ಮೇಲೆ ಹತ್ತಿ ನಿಂತು, ಗ್ಯಾಸಿನ ಮೇಲಿನ ಕಪಾಟಿನ ಬಾಗಿಲಿಗೆ ಎಣ್ಣೆ ಹಚ್ಚತೊಡಗಿದರು. ನಾನು ಕೂಸೆಲ್ಲಿ ಅಂತ ಕೇಳಿದೆ. ಅವರು ಸ್ಟೂಲಿನಿಂದ ಇಳಿದು, ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಪುಣೆಗೆ ಬಂದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಅವರ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಕಟ್ಟೆಯ ಮೇಲೆ ಗೋಡೆಯ ಉದ್ದಕ್ಕೂ ಒಂದು ಸಾಲು ಕಪಾಟು, ಕಟ್ಟೆಯ ಕೆಳಗೆ ಇನ್ನೊಂದು ಸಾಲು. ಮನೆ ಕೊಂಡ ವರ್ಷ ಊರ ಕಡೆಯ ಬಡಿಗೇರನೊಬ್ಬನನ್ನು ಕರೆಸಿ ಮಾಡಿಸಿದ್ದು. ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದ ಕಾಕಾ, ಅಂದರೆ ಅವರ ಯಜಮಾನರು, ರಜೆ ಹಾಕಿ ತಾವೇ ಕೂತು ಅದಕ್ಕೆ ಆಯಿಲ್ ಪೇಂಟ್ ಹಚ್ಚಿದ್ದರು. ಪಿಸ್ತಾ ಬಣ್ಣ.

ಮಗಳು ಒಮ್ಮೆ ಹೊಗೆ ಎಳೆಯುವ ಚಿಮಣಿ ತಂದು ಕೂಡಿಸಿಕೊಟ್ಟಳು. ಕಾಕು ಅದನ್ನು ಹಚ್ಚುತ್ತಲೇ ಇರಲಿಲ್ಲ. ಅದರ ಗದ್ದಲದಲ್ಲಿ ಸಾಸಿವೆ ಸಿಡಿಯುವ ಸಪ್ಪಳ ಕೇಳಿಸುವುದಿಲ್ಲ ಅಂತ. ಅವರಿಗೆ ಒಗ್ಗರಣೆ ಕಣ್ಣಿನ ಕೆಲಸವಲ್ಲ, ಕಿವಿಯದು. ಸಾಸಿವೆ ಹಾಕಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸಪ್ಪಳ ವಿರಳವಾಗುತ್ತ ಬಂದು ಇನ್ನೊಂದೆರಡು ಕಾಳು ಉಳಿದಿವೆ ಅನ್ನುವಾಗ ಕರಿಬೇವು ಬೀಳುತ್ತಿತ್ತು. ಆ ಹೊಗೆಯೆಲ್ಲ ಹೋಗಿ ಕಪಾಟಿಗೆ ಕೂಡುತ್ತಿತ್ತು. ಜೊತೆಗೆ ಕೈಯ ಜಿಡ್ಡು ಬೇರೆ. ಮನೆಗೆ ಯಾರೇ ಬರಲಿ, ಮಾತಿನ ನಡುವೆ ಎದ್ದು ಕಪಾಟು ತೆಗೆದು ಶೇಂಗಾ ಚಟ್ನಿಯೋ ಕೊಬ್ಬರಿ ತುಂಡೋ ಕೈಗೆ ಹಾಕಲೇಬೇಕು. ಹೆಗಲ ಮೇಲೆ ಬಟ್ಟೆ ಇದ್ದರೂ ಹಿಟ್ಟಿನ ಕೈಯಿಂದ, ಎಣ್ಣೆಯ ಕೈಯಿಂದ ಬಾಗಿಲು ಎಳೆಯುತ್ತಿದ್ದರು. ಹೀಗಾಗಿ ಹಿಡಿಕೆಯ ಸುತ್ತ ಅಂಗೈ ಅಗಲದ ಕಂದು ಮಚ್ಚೆ.

ಆ ಜಿಡ್ಡಿನ ಬಗ್ಗೆ ಅವರಿಗೆ ನಾಚಿಕೆ ಇರಲಿಲ್ಲ. "ಜಿಡ್ಡು ಹೊಲಸಲ್ಲವಾ ತಂಗಿ. ಉಂಡ ಮನಿ ಗುರುತದು. ಉಪವಾಸ ಇದ್ದವರ ಕಪಾಟು ಲಕಾ ಲಕಾ ಅಂತಿರ್ತಾವ" ಅನ್ನುತ್ತಿದ್ದರು. ಆದರೆ ವರ್ಷಕ್ಕೊಮ್ಮೆ ತೆಗೆಯಲೇಬೇಕು. ಅದೂ ಅವರದೇ ರೀತಿಯಲ್ಲಿ. ಎಲ್ಲರೂ ಹಬ್ಬಕ್ಕೆ ಮೊದಲು ಮನೆ ತೊಳೆದು ಆಮೇಲೆ ಚಕ್ಕುಲಿ, ಶಂಕರಪಾಳಿ ಕರಿಯುತ್ತಾರೆ. ಕಾಕು ಎಲ್ಲವನ್ನೂ ಕರಿದು ಮುಗಿಸಿ, ಬಾಣಲೆ ಕೆಳಗಿಟ್ಟು, ಆಮೇಲೆ ಕಪಾಟಿಗೆ ಕೈ ಹಚ್ಚುತ್ತಿದ್ದರು. ತೊಳೆದು ಮತ್ತೆ ಹೊಗೆ ಹಾಕುವುದು ಕೂಸಿಗೆ ಎರೆದು ಮಣ್ಣಿಗೆ ಬಿಟ್ಟ ಹಾಗೆ ಅಂತ ಅವರ ವಾದ. ಕೆಳಗಿನ ಮನೆಯ ಮರಾಠಿ ತಾಯಿ ಒಮ್ಮೆ ನೋಡಿ, "ಕಾಕೂ, ಕಪಾಟಾಲಾ ಪಣ ಅಭ್ಯಂಗ?" ಅಂತ ಕೇಳಿದರು. ಕಪಾಟಿಗೂ ಎಣ್ಣೆ ಸ್ನಾನವೇ ಅಂತ. ವರ್ಷವೆಲ್ಲ ನಮ್ಮ ಜೊತೆ ಹೊಗೆಯಲ್ಲಿ ನಿಂತದ್ದು ಅದು, ಹಬ್ಬದ ದಿನ ಅದೊಂದೇ ಯಾಕೆ ಹಾಗೇ ಇರಬೇಕು ಅಂತ ಕಾಕು ತಮ್ಮ ಮುರುಕು ಮರಾಠಿಯಲ್ಲಿ ಗಂಭೀರವಾಗಿಯೇ ಉತ್ತರ ಕೊಟ್ಟರು.

ಕ್ರಮ ಹೀಗೆ. ಮೊದಲು ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ಬೆರಳು ಅದ್ದಿ ಜಿಡ್ಡಿನ ಮೇಲೆ ತೆಳ್ಳಗೆ ಹಚ್ಚುವುದು. ಗಟ್ಟಿಯಾದ ಹಳೆಯ ಎಣ್ಣೆ ಹೊಸ ಎಣ್ಣೆಗೆ ಮೆತ್ತಗಾಗುತ್ತದೆ. ಹಚ್ಚಿ ಸುಮ್ಮನೆ ಬಿಡಬೇಕು, ಒಂದು ಚಹಾ ಮಾಡಿ ಕುಡಿಯುವಷ್ಟು ಹೊತ್ತು. ಇದು ಮಾತಿಗಲ್ಲ, ನಿಜಕ್ಕೂ ಆಗ ಚಹಾ ಆಗುತ್ತಿತ್ತು. ಎಣ್ಣೆ ಹಚ್ಚಿದ ಬಾಗಿಲುಗಳ ಮುಂದೆ ನೆಲದ ಮೇಲೆ ಕೂತು ನಾವು ಕುಡಿಯುತ್ತಿದ್ದೆವು. ಆಮೇಲೆ ಕಡಲೆ ಹಿಟ್ಟು ಎರಚಿ ಅಂಗೈಯಿಂದ ಮೆಲ್ಲಗೆ ಸುತ್ತು ತಿರುಗಿಸುವುದು. ಹಿಟ್ಟು ಎಣ್ಣೆಯನ್ನೂ ಕೊಳೆಯನ್ನೂ ಹೀರಿಕೊಂಡು ಕಪ್ಪು ಬತ್ತಿಯಂತೆ ಸುರುಳಿ ಸುರುಳಿಯಾಗಿ ಉದುರುತ್ತಿತ್ತು. ಆಮೇಲೆ ಪಾತ್ರೆ ಸಾಬೂನು ಕದಡಿದ ಉಗುರುಬೆಚ್ಚಗಿನ ನೀರಲ್ಲಿ ಧೋತರದ ಬಟ್ಟೆ ಅದ್ದಿ, ಪೂರ್ತಿ ಹಿಂಡಿ, ಕೆಳಗಿನಿಂದ ಮೇಲಕ್ಕೆ ಒರೆಸುವುದು. ಮೇಲಿನಿಂದ ಕೆಳಕ್ಕೆ ಬಂದರೆ ಕೊಳೆ ನೀರು ಇಳಿದು ಗೆರೆ ಬೀಳುತ್ತದೆ. ಹಿಡಿಕೆಯ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಕೊನೆಗೆ ಬರೀ ನೀರಿನ ಬಟ್ಟೆ, ಅದರ ಹಿಂದೆಯೇ ಒಣ ಬಟ್ಟೆ. ಮರದ ಮೇಲೆ ನೀರು ನಿಲ್ಲಬಾರದು. "ಎರದ ಮ್ಯಾಲ ತಲಿ ಒರಸದ ಬಿಟ್ರ ನೆಗಡಿ ಬರ್ತದಿಲ್ಲೋ, ಹಂಗ."

ಈ ಪದ್ಧತಿ ಅವರಿಗೆ ತವರಿನಿಂದ ಬಂದದ್ದಲ್ಲ. ಅವರು ಸಿಂದಗಿ ಕಡೆಯವರು. ಅಲ್ಲಿ ಸೌದೆ ಒಲೆ, ಮಸಿ ಹಿಡಿದ ಪಾತ್ರೆ. ಮಸಿಗೆ ಬೂದಿ, ತೆಂಗಿನ ನಾರು ಮತ್ತು ರಟ್ಟೆಯ ಶಕ್ತಿ, ಇಷ್ಟೇ ಅವರು ಕಂಡ ಔಷಧ. ಪುಣೆಗೆ ಬಂದ ಮೊದಲ ದೀಪಾವಳಿಗೆ ಹೊಸ ಕಪಾಟು ಸ್ವಲ್ಪ ಕಪ್ಪಾದದ್ದನ್ನು ಕಂಡು, ತವರಿನ ಗಡಿಗೆ ತಿಕ್ಕಿದ ಹಾಗೆಯೇ ತಿಕ್ಕಿದರಂತೆ. ಬೂದಿ ಸಿಗಲಿಲ್ಲವೆಂದು ಬಟ್ಟೆ ಒಗೆಯುವ ಸೋಡಾ ಹಾಕಿ, ನಾರು ಹಿಡಿದು, ಕಾಕಾ ಕಾರ್ಖಾನೆಯಿಂದ ಬರುವುದರೊಳಗೆ ಒಂದು ಬಾಗಿಲನ್ನು ಮರ ಕಾಣುವ ತನಕ ತಿಕ್ಕಿ, ಹೊಳೆಯುತ್ತಿದೆ ಅಂತ ಹೆಮ್ಮೆಯಿಂದ ತೋರಿಸಿದರಂತೆ.

ಕಾಕಾ ಆ ಬಾಗಿಲನ್ನು ಬೆರಳಿಂದ ಮುಟ್ಟಿ ನೋಡಿದರಂತೆ. ಮರುದಿನ ಅಂಗಡಿಗೆ ಹೋಗಿ ಅದೇ ಬಣ್ಣದ ಸಣ್ಣ ಡಬ್ಬಿ ತಂದು ಆ ಬಾಗಿಲಿಗೆ ಹಚ್ಚಿದರು. ಒಣಗಿದ ಮೇಲೆ ನೋಡಿದರೆ ಅದು ಪಿಸ್ತಾ ಅಲ್ಲ, ನೀಲಿ ಕಡೆಗೆ ವಾಲಿದ ಇನ್ನೊಂದು ಹಸಿರು. ಕಾಕು ಆ ಬಾಗಿಲಿಗೆ ಸವತಿ ಅಂತ ಹೆಸರಿಟ್ಟರು. "ನನ್ನ ಮ್ಯಾಲ ತಂದ ಕೂಡಿಸ್ಯಾರ ನೋಡು" ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು. "ಸವತಿ ಒಳಗಿನ ಸಕ್ರಿ ಡಬ್ಬಿ ತಾ" ಅಂದರೆ ಮಗಳಿಗೆ ಸಣ್ಣವಳಿದ್ದಾಗಲೇ ಯಾವ ಬಾಗಿಲು ಅಂತ ಗೊತ್ತಾಗುತ್ತಿತ್ತು. ಕಾಕಾ ಪ್ರತಿ ಸಲವೂ ಪೇಪರಿನಿಂದ ತಲೆ ಎತ್ತದೆ ಒಂದೇ ಉತ್ತರ ಕೊಡುತ್ತಿದ್ದರು: "ಅಂಗಡ್ಯಾಗ ಎರಡೂ ಒಂದ ಬಣ್ಣ ಇದ್ದುವು."

ಬಣ್ಣ ಕಿತ್ತ ಆ ಬಾಗಿಲೇ ತನಗೆ ಬುದ್ಧಿ ಕಲಿಸಿತು ಅನ್ನುತ್ತಿದ್ದರು. ಮುಂದಿನ ಹಬ್ಬಕ್ಕೆ ಕೈ ಬಿಗಿ ಹಿಡಿದು ನಿಂತಾಗ, ಮಗಳಿಗೆ ಎರೆಯಲು ಕಾಯಿಸಿದ ಎಣ್ಣೆಯ ಬಟ್ಟಲು ಎದುರಿಗಿತ್ತಂತೆ. ಇಷ್ಟು ಮೆತ್ತಗಿನ ಮೈಯ ಕೊಳೆ ಚರ್ಮ ಕೀಳದೆ ಇದರಿಂದಲೇ ಹೋಗುವಾಗ ಬಣ್ಣಕ್ಕೇನು ಅಂತ ಒಂದು ಮೂಲೆಗೆ ಹಚ್ಚಿ ನೋಡಿದರಂತೆ. ಅಲ್ಲಿಂದ ಶುರು.

ಒಂದು ವರ್ಷ ನಾನು ಮನೆಯಲ್ಲಿ ಯಜಮಾನರ ಜೊತೆ ಜಗಳಾಡಿ ಕಪಾಟಿಗೆ ಎರೆಯಲು ಹೋಗಿದ್ದೆ. ಬಾಯಿಂದ ಹೇಳಿರಲಿಲ್ಲ. ಹಿಟ್ಟು ಹಾಕಿದ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಉಜ್ಜುತ್ತಿದ್ದೆನೆಂದು ಕಾಣುತ್ತದೆ. ಕಾಕು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, "ಸಿಟ್ಟಿಲೆ ತಿಕ್ಕಿದ್ರ ಬಣ್ಣ ಹೋಗ್ತದ, ಜಿಡ್ಡು ಉಳೀತದ" ಅಂದರು. ಚಕ್ಕುಲಿ ಡಬ್ಬಿ ಕೈಗೆ ಕೊಟ್ಟು, ತಿನ್ನುತ್ತ ಕೂತುಕೋ ಅಂದರು. ಏನಾಯಿತು ಅಂತ ಕೇಳಲಿಲ್ಲ. ನಾನು ನೆಲದ ಮೇಲೆ ಕೂತು ತಿಂದೆ. ಅವರು ಒರೆಸಿದರು.

ಅವರು ದೇವರಂಥವರು ಅಂತ ನಾನು ಬರೆದರೆ ಅವರೇ ನಗುತ್ತಾರೆ. ಬೇರೆಯವರು ಮಾಡಿದ ಶೇಂಗಾ ಚಟ್ನಿಯನ್ನು ಅವರು ಎಂದೂ ಚೆನ್ನಾಗಿದೆ ಅಂದವರಲ್ಲ. "ಉಪ್ಪ ಸರಿ ಅದ" ಅನ್ನುವುದೇ ಅವರ ದೊಡ್ಡ ಹೊಗಳಿಕೆ. ನಾನು ಹಿಂಡಿದ ಬಟ್ಟೆಯನ್ನು ಇಷ್ಟು ವರ್ಷಗಳಾದರೂ ನಂಬುತ್ತಿರಲಿಲ್ಲ. "ಹಿಂಡೂದ ಕಲಿ ಮೊದಲ" ಅಂತ ಕಸಿದುಕೊಂಡು ಮತ್ತೆ ತಾವೇ ಹಿಂಡುತ್ತಿದ್ದರು, ಒಂದು ಹನಿಯೂ ಬೀಳದಿದ್ದರೆ ನನ್ನ ಕಡೆ ನೋಡದೆ ಸುಮ್ಮನಾಗುತ್ತಿದ್ದರು. ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಿ ಏನು ಒಗ್ಗರಣೆ ಬಿತ್ತು ಅನ್ನುವುದನ್ನು ಕಿಟಕಿಯಲ್ಲಿ ಮೂಸಿ, ಅವರ ಸಂಸಾರದ ಸ್ಥಿತಿ ಹೇಳುತ್ತಿದ್ದರು. ಮುನಿಸಿಕೊಂಡರೆ ವಾರಗಟ್ಟಲೆ ಮಾತು ಬಿಡುತ್ತಿದ್ದರು, ಆದರೆ ಆ ವಾರವೂ ಬಾಗಿಲ ಮುಂದೆ ಮುಚ್ಚಿದ ಬಟ್ಟಲು ಇರುತ್ತಿತ್ತು.

ಎಲ್ಲ ಮುಗಿದ ಮೇಲೆ ಅವರದೊಂದು ಕೊನೆಯ ಕೆಲಸವಿತ್ತು. ಬಟ್ಟಲಿನ ತಳದಲ್ಲಿ ಸ್ವಲ್ಪ ಎಣ್ಣೆ ಉಳಿದಿರುತ್ತಿತ್ತಲ್ಲ, ಅದರಲ್ಲಿ ಬೆರಳು ಅದ್ದಿ ಹೊರಗಿನ ಕೋಣೆಗೆ ಹೋಗಿ ಕಾಕಾನ ನೆತ್ತಿಗೆ ತಟ್ಟಿ ಬಿಡುತ್ತಿದ್ದರು. "ತಗೋರಿ, ಕಪಾಟಿನ ಉಳದದ್ದು." ಕಾಕಾ ಗೊಣಗುತ್ತಿದ್ದರು. ನಾಳೆ ಹೇಗೂ ಹಚ್ಚಿಕೊಳ್ಳುವುದಿದೆ, ಇವತ್ತು ಯಾಕೆ ಅಂತ. ಆದರೆ ಅವರ ಹೆಜ್ಜೆ ಸಪ್ಪಳ ಕೇಳುತ್ತಲೇ ಪೇಪರು ಕೆಳಗಿಟ್ಟು ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ಕೂತಿರುತ್ತಿದ್ದುದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದ್ದೇನೆ.

ಈಚಿನ ಕೆಲವು ದೀಪಾವಳಿಗಳಲ್ಲಿ ಕಾಕುಗೆ ಕೈ ಮೇಲಕ್ಕೆತ್ತಿದರೆ ಉಸಿರು ಹತ್ತುತ್ತಿತ್ತು. ನಾನೊಬ್ಬಳೇ ಮಾಡುತ್ತೇನೆ ಅಂದರೆ ಒಪ್ಪಲಿಲ್ಲ. "ಬರೋ ವರ್ಷ ಇಬ್ಬರೂ ಕೂಡಿ ಎರಿಯೋಣು" ಅನ್ನುತ್ತ ಮುಂದೆ ಹಾಕಿದರು. ಅಡುಗೆ ನಿಲ್ಲಲಿಲ್ಲ, ಒಗ್ಗರಣೆ ನಿಲ್ಲಲಿಲ್ಲ. ಪಿಸ್ತಾ ಬಾಗಿಲುಗಳು ಮೊದಲು ಹಳದಿಯಾಗಿ, ಆಮೇಲೆ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿದವು. ಸವತಿಗೂ ಉಳಿದವಕ್ಕೂ ವ್ಯತ್ಯಾಸ ಕಾಣದಾಯಿತು. ಬೆರಳಿಟ್ಟರೆ ಅಂಟುತ್ತಿತ್ತು. ಈ ಸಲ ಮಳೆ ಶುರುವಾದ ಮೇಲೆ ಉಸಿರು ತೀರ ಹೆಚ್ಚಾಗಿ ಆಸ್ಪತ್ರೆಗೆ ಒಯ್ದರು. ವಾರದೊಳಗೆ ಹೋದರು. ಕೊನೆಯ ನೀರು ಹಾಕಿದ ಹೆಂಗಸರಲ್ಲಿ ನಾನೂ ಇದ್ದೆ. ಒಣ ಬಟ್ಟೆಯಿಂದ ಅವರ ತಲೆ ಒರೆಸಿದವಳು ನಾನು. ಬೇರೆಯವರು ಮರೆತಿದ್ದರು.

ಆಮೇಲೆ ಕಾಕಾ ಒಲೆ ಹಚ್ಚಲಿಲ್ಲ. ನಮ್ಮ ಮನೆಯಿಂದ ಊಟ ಹೋಗುತ್ತಿತ್ತು. ಡಬ್ಬಿ ತೊಳೆದು ಬೋರಲು ಹಾಕಿ ಒಣಗಿಸಿ ತಂದು ಕೊಡುತ್ತಿದ್ದರು. ಉಳಿದ ಹೊತ್ತು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಪಾಟಿನ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ, ಬೇರೆ ಕಡೆಗೂ ಹೋಗುತ್ತಿರಲಿಲ್ಲ.

ಮಗಳು ಭೋರ್‌ನಲ್ಲಿ ಇರುತ್ತಾಳೆ. ಅಳಿಯನದು ಅಲ್ಲಿ ಬಟ್ಟೆ ಅಂಗಡಿ. ಅವಳು ಬಂದಾಗಲೆಲ್ಲ ತಂದೆ ಆ ಕುರ್ಚಿಯಲ್ಲಿ ಇರುವುದನ್ನೇ ನೋಡಿದಳು. ಹಬ್ಬದ ಸುಮಾರಿಗೆ ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಬಂದಳು. ಖರಾಡಿಯ ದೊಡ್ಡ ಬಿಲ್ಡಿಂಗುಗಳಲ್ಲಿ ಅಡುಗೆಮನೆ ಮಾಡುವವನಂತೆ. ಆತ ಬಾಗಿಲನ್ನು ಎರಡು ಬೆರಳಿಂದ ಮುಟ್ಟಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಈ ಬಣ್ಣ ಸತ್ತು ಹೋಗಿದೆ, ಇದರ ಮೇಲೆ ಹೊಸದು ಹಿಡಿಯುವುದಿಲ್ಲ, ಕಿತ್ತು ಈಗಿನ ಕಾಲದ, ಎಳೆದು ತೆಗೆಯುವ ಟ್ರಾಲಿ ಹಾಕುವುದೇ ಸರಿ ಅಂತ ಹಿಂದಿಯಲ್ಲಿ ಹೇಳಿದ. ಹಬ್ಬ ಮುಗಿದ ಕೂಡಲೇ ಬಂದು ಕೀಳುವುದೆಂದು ಮಾತಾಯಿತು. ಮಗಳ ಮೇಲೆ ನನಗೆ ಬೇಸರವಾಗಲಿಲ್ಲ. ಕೈಗೆ ಅಂಟದ ಹಸನಾದ ಅಡುಗೆಮನೆ ಇದ್ದರೆ ಅಪ್ಪ ಕುರ್ಚಿಯಿಂದ ಎದ್ದು ಒಂದು ಚಹಾವನ್ನಾದರೂ ಮಾಡಿಕೊಂಡಾನು ಅನ್ನುವುದು ಅವಳ ಆಸೆ. ಕಾಕಾ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ನಿನಗ ಹ್ಯಾಂಗ ಅನಸ್ತದ ಹಂಗ ಮಾಡವಾ" ಅಂದರು.

ಆ ಸಂಜೆ ಡಬ್ಬಿ ಕೊಡಲು ಬಂದವರು ನಮ್ಮ ಹೊಸ್ತಿಲಲ್ಲಿ ಹಾಗೇ ನಿಂತರು. ಏನೋ ಹೇಳುವುದಿದೆ ಅಂತ ಗೊತ್ತಾಯಿತು.

"ತಂಗಿ, ಆ ಕಪಾಟಿನ ಬಣ್ಣ ಯಾವುದಿತ್ತು?"

ನಾನು ಪಿಸ್ತಾ ಅಂದೆ.

"ಹೌದೇನು?" ಅಂದರು. ಡಬ್ಬಿ ನನ್ನ ಕೈಗೆ ಕೊಟ್ಟು, "ನಾನ ಹಚ್ಚೀನಿ. ಕಣ್ಣಿಗೆ ಬರವಲ್ದು" ಅಂದರು. ಬಾಗಿಲು ಎಳೆದುಕೊಂಡು ಹೋದರು.

ಪಿಸ್ತಾ ಅಂತ ಬಾಯಲ್ಲಿ ಹೇಳಿದರೆ ಬಣ್ಣ ಕಾಣುವುದಿಲ್ಲ. ಮಿಸ್ತ್ರಿ ಬಂದು ಕಿತ್ತ ಮೇಲೆ ಅದು ಅವರಿಗೆ ಎಂದೂ ಕಾಣುವುದಿಲ್ಲ. ತಾವು ಹೊಸ ಸಂಸಾರ ಹೂಡಿದ ಅಡುಗೆಮನೆ ಬೆಲ್ಲದ ಬಣ್ಣದ್ದೇ ಆಗಿ ಅವರಲ್ಲಿ ಉಳಿಯುತ್ತದೆ. ಅದೇ ನನ್ನ ತಲೆಯಲ್ಲಿ ಕೂತಿತು. ಕಿತ್ತರೆ ಕೀಳಲಿ, ಒಂದು ಸಲ ಕಂಡು ಹೋಗಲಿ ಅನ್ನಿಸಿತು.

ಆದರೆ ಹೇಗೆ ಹೇಳುವುದು? ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಬಾಣಲೆ ಇಡುವಂತಿಲ್ಲ, ಎಣ್ಣೆ ನೀರು ಇಲ್ಲ. ಅಕ್ಕಪಕ್ಕದವರೇ ಅವರ ಮನೆಗೆ ಫರಾಳ, ಅಂದರೆ ಹಬ್ಬದ ತಿಂಡಿ, ಒಯ್ದು ಕೊಡುವುದು ರೂಢಿ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನೂ ತಾಟು ತುಂಬಿಕೊಂಡು ಹೊರಟೆ. ಹೊರಡುವಾಗ ಸೆರಗಿನ ಮರೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ, ಕಡಲೆ ಹಿಟ್ಟಿನ ಪೊಟ್ಟಣ ಹಿಡಿದುಕೊಂಡೆ. ಕಪಾಟು ಖಾಲಿ ಮಾಡಲು ಮಗಳು ಬಂದಿದ್ದಳು. ಡಬ್ಬಿಗಳೆಲ್ಲ ನೆಲದ ಮೇಲಿದ್ದವು. ಕಾಕಾ ಕುರ್ಚಿಯಲ್ಲಿದ್ದರು.

ತಾಟು ಕೊಟ್ಟು, ಬಾಟಲಿ ಹೊರಗೆ ತೆಗೆದು, "ಹ್ವಾದ್ರ ಹೋಗ್ಲಿರೀ, ಹೋಗೋ ಮುಂದ ಒಂದ ಬಾಗಲಾ ಒರಸ್ಲೇನು?" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಮಗಳು ಬಾಟಲಿ ನೋಡಿದಳು. ಅವಳಿಗೆ ಕೂಡಲೇ ತಿಳಿಯಿತು. ತಾಯಿಯ ಮನೆಯಲ್ಲಿ ಬೆಳೆದವಳಲ್ಲವೇ. ಮೆಲ್ಲಗೆ, "ಈ ವರ್ಷ ನಮ್ಮನ್ಯಾಗ ಎಣ್ಣಿ ನೀರು ಇಲ್ಲಲ್ರೀ ಅಕ್ಕಾ" ಅಂದಳು. ನಾನು ಬಾಟಲಿಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಳ್ಳುವವಳಿದ್ದೆ.

ಕುರ್ಚಿಯಿಂದ ಕಾಕಾ ಹೇಳಿದರು: "ಅದು ನಮಗ. ಕಪಾಟಿಗೇನ ಸೂತಕ?"

ಗ್ಯಾಸಿನ ಮೇಲಿನ ಬಾಗಿಲನ್ನೇ ಆರಿಸಿಕೊಂಡೆ. ಎಣ್ಣೆ ಬೆಚ್ಚಗಾಗಬೇಕಲ್ಲ, ಮಗಳು ಗ್ಯಾಸ್ ಹಚ್ಚಿದಳು. ನಾನು ಸ್ಟೂಲು ಹತ್ತಿ ಬೆರಳಿಂದ ಹಚ್ಚುತ್ತ ಬಂದೆ. ಜಿಡ್ಡು ಮೊದಲು ಬಗ್ಗಲಿಲ್ಲ. ಹಚ್ಚಿ ಇಳಿದು, ಇನ್ನು ಸ್ವಲ್ಪ ಬಿಡಬೇಕು ಅಂದೆ. ಎಷ್ಟು ಹೊತ್ತು ಅಂತ ಮಗಳು ಕೇಳಲಿಲ್ಲ. ನೆಲದ ಮೇಲಿನ ಡಬ್ಬಿಗಳಲ್ಲಿ ಚಹಾಪುಡಿ ಹುಡುಕಿ, ಹಾಲಿಗೆ ನಮ್ಮ ಮನೆಗೆ ಹೋಗಿ ಬಂದು, ಚಹಾ ಇಟ್ಟಳು. ಕಾಕು ಹೋದ ಮೇಲೆ ಆ ಒಲೆಯ ಮೇಲೆ ಆದ ಮೊದಲ ಚಹಾ ಅದು. ಕಾಕಾ ಕುರ್ಚಿ ಬಿಟ್ಟು ಒಳಗೆ ಬಂದು ನಮ್ಮ ಜೊತೆ ನೆಲದ ಮೇಲೆ ಕೂತು ಕುಡಿದರು. ಎಣ್ಣೆ ತನ್ನ ಕೆಲಸ ಮಾಡುತ್ತಿತ್ತು.

ಹಿಟ್ಟು ಹಾಕಿ ಅಂಗೈ ತಿರುಗಿಸಿದಾಗ ಬೆಲ್ಲದ ಬಣ್ಣ ಸುರುಳಿ ಸುರುಳಿಯಾಗಿ ಉದುರತೊಡಗಿತು. ಒಂದೇ ಸಲಕ್ಕೆ ಹೋಗಲಿಲ್ಲ. ಮತ್ತೆ ಎಣ್ಣೆ, ಮತ್ತೆ ಹಿಟ್ಟು. ಆಮೇಲೆ ಸಾಬೂನು ನೀರಿನ ಬಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ತಂದೆ. ಬಟ್ಟೆ ಹೋದ ದಾರಿಯಲ್ಲಿ ಪಿಸ್ತಾ ಕಂಡಿತು. ಹೊಸದರ ಹಾಗಲ್ಲ, ಸ್ವಲ್ಪ ಮಂಕು. ಆದರೆ ಪಿಸ್ತಾ. ಕಾಕಾ ಎದ್ದು ಬಂದು ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. ಬೆರಳ ಹಿಂಬದಿಯಿಂದ ಮುಟ್ಟಿದರು. "ಹಾಂ," ಅಂದರು. "ಇದಽ."

ಒಂದು ಬಾಗಿಲು ಅಂದದ್ದು ಅಲ್ಲಿಗೆ ನಿಲ್ಲಲಿಲ್ಲ. ಮಗಳು ಸೀರೆ ಸಿಕ್ಕಿಸಿಕೊಂಡು ಪಕ್ಕದ ಬಾಗಿಲಿಗೆ ಎಣ್ಣೆ ಹಚ್ಚಿದಳು. ಅದನ್ನು ಒರೆಸಿದಾಗ ಬಂದದ್ದು ಪಿಸ್ತಾ ಅಲ್ಲ, ನೀಲಿ ಕಡೆಯ ಹಸಿರು. ಅವಳು ಸ್ಟೂಲಿನಿಂದ ಇಳಿದಳು. ಆಮೇಲೆ ಗೋಡೆ ಹಿಡಿದು ನಗತೊಡಗಿದಳು, ತಾಯಿಯದೇ ನಗು.

"ಅಪ್ಪಾ, ಅವ್ವನ ಸವತಿ ಇಲ್ಲೇ ಅದಾಳ ನೋಡೋ."

"ಅಂಗಡ್ಯಾಗ ಎರಡೂ ಒಂದ ಬಣ್ಣ ಇದ್ದುವು" ಅಂದರು ಕಾಕಾ.

ಅದಾದ ಮೇಲೆ ಅವರೂ ಬಟ್ಟೆ ಹಿಡಿದರು. ಲೇಥ್ ನಡೆಸಿದ ಕೈ, ಆದರೂ ಬಟ್ಟೆ ಹಿಂಡಲು ಬರಲಿಲ್ಲ. ನೀರು ಮೊಣಕೈ ತನಕ ಇಳಿಯಿತು. ಮಗಳು ಕಸಿದುಕೊಂಡು, "ಹಿಂಡೂದ ಕಲಿ ಮೊದಲ" ಅಂದಳು. ಹೇಳಿದ ಮೇಲೆ ಅವಳಿಗೇ ಅದು ಯಾರ ಮಾತು ಅಂತ ಹೊಳೆಯಿತು. ಬಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಂಡಿದಳು.

ಮೇಲಿನ ಸಾಲು ಮುಗಿಯುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಕೆಳಗಿನ ಸಾಲಿನ ಮರ ಪಾತ್ರೆ ತೊಳೆಯುವ ಮೋರಿಯ ನೀರು ಕುಡಿದು ಮೆತ್ತಗಾಗಿತ್ತು. ಅದಕ್ಕೆ ಎಣ್ಣೆ ನೀರಿನಿಂದ ಆಗುವುದೇನೂ ಇರಲಿಲ್ಲ. ಮಗಳು ಮಿಸ್ತ್ರಿಗೆ ಫೋನು ಮಾಡಿದಳು. ಕಟ್ಟೆಯ ಕೆಳಗಿನದಷ್ಟೇ ಕಿತ್ತು ಹೊಸದು ಮಾಡು, ಮೇಲಿನದು ಇರಲಿ ಅಂದಳು. ಆ ಕಡೆಯಿಂದ ಆತ ಬಣ್ಣ ಹೊಂದುವುದಿಲ್ಲ ಅಂದನೆಂದು ಕಾಣುತ್ತದೆ. ಹೊಂದದಿದ್ದರೆ ನಡೆಯುತ್ತದೆ, ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹೊಂದಿಲ್ಲ ಅಂತ ಇವಳು ಹೇಳಿದಳು.

ನಾನು ನೆಲ ಒರೆಸುತ್ತಿದ್ದೆ. ಕಾಕಾ ಬಟ್ಟಲುಗಳನ್ನು ಎತ್ತಿಡುತ್ತಿದ್ದರು. ಎಣ್ಣೆಯ ಬಟ್ಟಲಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ಚೆಲ್ಲಲು ಮನಸ್ಸು ಬರದವರಂತೆ ಹಿಡಿದುಕೊಂಡು ನಿಂತರು. ಬೆರಳು ಅದ್ದಿದರು. ಕೈ ತಾನಾಗಿ ನೆತ್ತಿಯ ಹತ್ತಿರ ಹೋಗಿ, ಅಲ್ಲೇ ನಿಂತಿತು. ಈ ವರ್ಷ ಎಣ್ಣೆ ಇಲ್ಲ ಅನ್ನುವುದು ನೆನಪಾಗಿರಬೇಕು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಮ್ಮ ಕಡೆ ನೋಡಿದರು.

ಮಗಳು ಫೋನು ಕೆಳಗಿಟ್ಟು, ಅವರ ಕೈಯಿಂದ ಬಟ್ಟಲು ತೆಗೆದುಕೊಂಡಳು. "ಇದು ಹಬ್ಬದ್ದಲ್ಲಪ್ಪಾ," ಅಂದಳು. "ಕಪಾಟಿನ ಉಳದದ್ದು."

ಕಾಕಾ ಗೊಣಗಲಿಲ್ಲ. ಹಿಂದೆ ಪೇಪರು ಕೆಳಗಿಟ್ಟು ಬಾಗಿಸುತ್ತಿದ್ದ ಹಾಗೆಯೇ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರು.